ಕುಚ್ಚು ಮೀನಿಗೆ ರಬ್ಬರ್ ಕಪ್ಪೆ

ಮಾದಿಹಳ್ಳಿಯಲ್ಲಿ ನನ್ನದು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಸುಟ್ಟ ಮೋಟರುಗಳ ಸಾಲು. ಈಚೆಗೆ ಆ ಸಾಲಿನಲ್ಲಿ ಗಾಳದ ರೀಲುಗಳೂ ಬಂದು ಕೂರುತ್ತಿವೆ. ಹಳೇಬೀಡು, ಬೇಲೂರು, ಜಾವಗಲ್ ಕಡೆಯ ಹುಡುಗರು ಮೊಬೈಲಿನಲ್ಲಿ ನೋಡಿ ತರಿಸಿಕೊಂಡ ರೀಲು ಕೈಕೊಟ್ಟರೆ ನನ್ನ ಹತ್ತಿರ ತರುತ್ತಾರೆ. ಗೇರು, ಬೇರಿಂಗು, ಸುತ್ತು, ಬಿಗಿ ಇವೆಲ್ಲ ನನ್ನ ಕಸುಬೇ. ಗಾಳ ಹಾಕುವುದು ಚಿಕ್ಕಂದಿನಿಂದ ಇರುವ ಹುಚ್ಚು. ರಿಪೇರಿ ಮುಗಿದ ಮೇಲೆ ಎಲ್ಲರೂ ಕೇಳುವುದು ಒಂದೇ: "ಅಣ್ಣಾ, ಇದಕ್ಕಿಂತ ಒಳ್ಳೇ ರೀಲು ಯಾವುದು?" ನಾನು ತಿರುಗಿಸಿ ಕೇಳುತ್ತೇನೆ: ಯಾವ ಮೀನಿಗೆ? ಯಾವ ಕೆರೆಗೆ? ಅದಕ್ಕೆ ಉತ್ತರ ಇರುವುದಿಲ್ಲ. ಎಲ್ಲರೂ ರೀಲಿನಿಂದ ಶುರು ಮಾಡುತ್ತಾರೆ. ಮೀನಿನಿಂದ ಶುರು ಮಾಡಬೇಕು, ರೀಲು ಕೊನೆಗೆ ಬರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಇವರೆಲ್ಲ ನೋಡುವ ವಿಡಿಯೊಗಳಲ್ಲಿ ಇರುವುದು ಬಾಸ್ ಮೀನು. ಅದು ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ. 1932ರಲ್ಲಿ ಜಾರ್ಜ್ ಪೆರಿ ಎಂಬಾತ ಜಾರ್ಜಿಯಾ ರಾಜ್ಯದಲ್ಲಿ ಹತ್ತು ಕಿಲೋ ದಾಟಿದ ಬಾಸ್ ಹಿಡಿದು ದಾಖಲೆ ಮಾಡಿದ. ಆ ದಾಖಲೆಯನ್ನು ಸರಿಗಟ್ಟುವ ಮೀನು ಸಿಕ್ಕಿದ್ದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ. ಬಾಸ್ ಮೀನಿನ ಸುತ್ತಲೇ ಇವತ್ತಿನ ಲ್ಯೂರು (ಮೀನನ್ನು ಸೆಳೆಯುವ ಹುಸಿ ಮೇವು), ಲೈನು (ದಾರ), ರೀಲುಗಳ ದೊಡ್ಡ ಉದ್ಯಮ ಬೆಳೆದಿದೆ. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ, ಕುಚ್ಚು ಇದೆ. ಕೆಲವರು ಕೊರಮೀನು ಅನ್ನುತ್ತಾರೆ. ಯಗಚಿ, ಹೇಮಾವತಿ ನದಿಗಳ ಆಳದ ನೀರಿನಲ್ಲಿ ಇದರ ದೊಡ್ಡಣ್ಣನಾದ ಅವಲು ಮೀಟರಿಗಿಂತ ಉದ್ದ ಬೆಳೆಯುತ್ತದೆ. ಬಾಸ್‌ನ ಹಾಗೆ ಕುಚ್ಚೂ ಕಳೆಯ ಮರೆಯಲ್ಲಿ ಹೊಂಚು ಹಾಕುತ್ತದೆ, ಕಪ್ಪೆ ಕಂಡರೆ ಕೆಳಗಿನಿಂದ ಎರಗುತ್ತದೆ. ಹಾಗಾಗಿ ಬಾಸ್‌ಗೆಂದು ಮಾಡಿದ ಸಾಮಾನುಗಳಲ್ಲಿ ಬಹುಪಾಲು ನಮಗೂ ಒದಗುತ್ತವೆ. ಯಾವುದು ಒದಗುತ್ತದೆ, ಯಾವುದು ಇಲ್ಲ ಎಂಬುದನ್ನು ಕುಚ್ಚಿನ ಸ್ವಭಾವವೇ ಹೇಳುತ್ತದೆ.

ಬೇಲೂರು ತಾಲ್ಲೂಕಿನ ಪಡುವಣ ಭಾಗ ಕಾಫಿಯ ಮಲೆನಾಡು. ಮೂಡಣಕ್ಕಿರುವ ನಮ್ಮ ಮಾದಿಹಳ್ಳಿ, ಹಳೇಬೀಡು ಹೋಬಳಿಗಳು ಬಯಲು. ಮಳೆ ಕೈಕೊಟ್ಟ ವರ್ಷ ಕೆರೆಯ ಅಂಗಳ ಬಿರುಕು ಬಿಡುತ್ತದೆ. ಯಗಚಿಯ ನೀರನ್ನು ಈ ಕಡೆಗೆ ತರುವ ರಣಘಟ್ಟ ಯೋಜನೆಗಾಗಿ ಇಲ್ಲಿನ ರೈತರು ಹೋರಾಡಿದ್ದು ಅದಕ್ಕೇ. ಇಂಥ ಕೆರೆಗಳಲ್ಲಿ ಕಾಟ್ಲಾ, ರೋಹು ಉಳಿಯಬೇಕೆಂದರೆ ಪ್ರತಿಸಲ ಮರಿ ತಂದು ಬಿಡಬೇಕು. ಕುಚ್ಚು ತಾನಾಗಿ ಉಳಿಯುತ್ತದೆ. ಕಿವಿರಿನ ಮೇಲ್ಭಾಗದಲ್ಲಿ ಗಾಳಿಯನ್ನೇ ಉಸಿರಾಡುವ ಅಂಗ ಅದಕ್ಕಿದೆ. ನೀರು ಬತ್ತಿದಾಗ ಕೆಸರಿನಲ್ಲಿ ಹುದುಗಿ ಕಾಯುತ್ತದೆ, ಮಳೆ ಬಂದಾಗ ಒದ್ದೆ ನೆಲದ ಮೇಲೆ ತೆವಳಿಕೊಂಡು ಇನ್ನೊಂದು ಹೊಂಡಕ್ಕೂ ಹೋಗುತ್ತದೆ. ನೀರು ತುಂಬಿದ್ದಾಗಲೂ ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಗಾಳದವನಿಗೆ ಇದಕ್ಕಿಂತ ದೊಡ್ಡ ಸುಳಿವಿಲ್ಲ. ಬೆಳಗಿನ ಹೊತ್ತು ಏರಿಯ ಮೇಲೆ ಸುಮ್ಮನೆ ನಿಂತು ನೋಡಿ. ನೈದಿಲೆ ಎಲೆಗಳ ನಡುವೆ 'ಗುಳುಕ್' ಎಂದು ಒಂದು ಸುತ್ತು ಎದ್ದರೆ ಮೀನಿನ ಜಾಗ ಸಿಕ್ಕಿತು. ಗಾಳ ಎಸೆಯುವುದಕ್ಕಿಂತ ಹೆಚ್ಚು ಹೊತ್ತು ನಾನು ಹೀಗೆ ನೋಡುತ್ತ ನಿಲ್ಲುತ್ತೇನೆ.

ಜಾಗ ಗೊತ್ತಾದ ಮೇಲೆ ಲ್ಯೂರಿನ ವಿಚಾರ. ಕುಚ್ಚು ಇರುವುದು ಜೊಂಡು, ಅಂತರಗಂಗೆ, ತಾವರೆ ದಟ್ಟವಾಗಿರುವ ಕಡೆ. ಅಲ್ಲಿ ಮೂರು ಮೊನೆಯ ಕೊಕ್ಕೆ ನೇತಾಡುವ ಪ್ಲಾಸ್ಟಿಕ್ ಮೀನು ಎಸೆದರೆ ಮೊದಲ ಎಸೆತಕ್ಕೇ ಕಳೆಗೆ ಸಿಕ್ಕಿಕೊಳ್ಳುತ್ತದೆ. ಬೇಕಾದದ್ದು ಒಳಗೆ ಪೊಳ್ಳಾಗಿರುವ ಮೆತ್ತನೆ ರಬ್ಬರ್ ಕಪ್ಪೆ. ಅದರ ಜೋಡಿ ಕೊಕ್ಕೆ ಮೇಲ್ಮುಖವಾಗಿ, ಕಪ್ಪೆಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಕಳೆಯ ಮೇಲೆ ಎಳೆದರೆ ಜಾರಿಕೊಂಡು ಬರುತ್ತದೆ. ಮೀನು ಕಚ್ಚಿದಾಗ ಮಾತ್ರ ರಬ್ಬರ್ ಒತ್ತಿಕೊಂಡು ಕೊಕ್ಕೆ ಹೊರಬರುತ್ತದೆ. ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಲಭವಾಗಿ ಅದುಮಿಕೊಂಡು ಕೊಕ್ಕೆ ಕಾಣಿಸಬೇಕು. ಗಟ್ಟಿಯಾಗಿದ್ದರೆ ಅಂಗಡಿಯಲ್ಲೇ ಬಿಡಿ, ಬಣ್ಣ ಎಷ್ಟೇ ಚಂದವಿದ್ದರೂ ಬಿಡಿ. ಕೊಕ್ಕೆಯ ಮೊನೆಯನ್ನು ಉಗುರಿನ ಮೇಲೆ ಮೆಲ್ಲನೆ ಎಳೆದು ನೋಡಿ. ಜಾರಿದರೆ ಮೊಂಡು, ಕಚ್ಚಿಕೊಂಡರೆ ಹರಿತ. ಕುಚ್ಚಿನ ಬಾಯಿ ಮೂಳೆಯಂತಿರುವುದರಿಂದ ಮೊಂಡು ಕೊಕ್ಕೆ ಅದರಲ್ಲಿ ಇಳಿಯುವುದೇ ಇಲ್ಲ.

ತೂಕ ಹತ್ತರಿಂದ ಹದಿನೈದು ಗ್ರಾಂ ಸಾಕು. ಬಣ್ಣದ ಬಗ್ಗೆ ಹುಡುಗರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಕೆಳಗಿನಿಂದ ನೋಡುವ ಮೀನಿಗೆ ಕಪ್ಪೆ ಕಾಣುವುದು ಬೆಳಕಿನ ಎದುರಿನ ನೆರಳಾಗಿ. ಅದಕ್ಕೇ ನನಗೆ ಕಪ್ಪು ಬಣ್ಣದ ಮೇಲೆ ನಂಬಿಕೆ. ಎರಗಿದ ಸದ್ದು ಕೇಳಿದ ಕೂಡಲೇ ಜಗ್ಗಬಾರದು. ದಾರ ಬಿಗಿಯಾಗಿ, ಮೀನಿನ ಭಾರ ಕೈಗೆ ತಿಳಿದ ಮೇಲೆ ಜಗ್ಗಬೇಕು. ಕಲಿಯಲು ಕಷ್ಟವಾಗುವುದು ಈ ಒಂದು ಕ್ಷಣದ ತಾಳ್ಮೆಯೇ.

ಕಳೆಯಿಲ್ಲದ ಬಯಲು ನೀರಿಗೆ, ಯಗಚಿ ಹಿನ್ನೀರಿನಂಥ ಕಡೆಗೆ, ತಗಡಿನ ಸ್ಪೂನು, ತಿರುಗುವ ಸ್ಪಿನ್ನರು ಸರಿ. ಸ್ಪೂನಿಗೆ ನಮ್ಮ ರಾಜ್ಯದಲ್ಲಿ ದೊಡ್ಡ ಇತಿಹಾಸವೇ ಇದೆ. ಬ್ರಿಟಿಷರ ಕಾಲದಿಂದ ಕಾವೇರಿ, ಕಬಿನಿಯ ಮಹಶೀರ್ ಮೀನಿಗೆ ಅದನ್ನು ಎಸೆಯುತ್ತಿದ್ದರು. ಮೈಸೂರಿನ ವಾನ್ ಇಂಗೆನ್ ಸೋದರರಲ್ಲಿ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ಇಂದಿಗೂ ಹೇಳುವ ಮಾತು. ಆ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ತುದಿಯಲ್ಲಿದೆ. ನಮ್ಮ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನೆಂದು ಜನ ಕಾಪಾಡುತ್ತಾರೆ. ಮಹಶೀರ್ ಆಸೆ ಬಿಟ್ಟು ಕುಚ್ಚಿಗೆ ಬನ್ನಿ ಎಂದೇ ನಾನು ಎಲ್ಲರಿಗೂ ಹೇಳುವುದು.

ಮೀನಿಗೆ ತಕ್ಕ ಮೇವು ಎಂಬ ಮಾತು ನನ್ನದಲ್ಲ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿ ಕಟ್ಟುತ್ತಿದ್ದ ಕಾಲದಲ್ಲೇ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಮತ್ಸ್ಯವಿನೋದ ಎಂಬ ಭಾಗ ಇಡಿಯಾಗಿ ಗಾಳದ ಮೀನುಗಾರಿಕೆಯದು. ಯಾವ ಜಾತಿಯ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದು ರಾಜನೇ ಕೂತು ಹೇಳಿದ್ದಾನೆ. ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನ ಬರೆದು ಲೋಕದ ಗಮನ ಸೆಳೆದರು. ಒಂಬೈನೂರು ವರ್ಷದ ಹಿಂದೆ ಕನ್ನಡ ನೆಲದ ಅರಸನಿಗೆ ಈ ವಿದ್ಯೆಯ ಮೇಲೆ ಇಷ್ಟು ಪ್ರೀತಿ ಇತ್ತು ಎಂಬುದು ಗಾಳ ಹಿಡಿದ ಪ್ರತಿಯೊಬ್ಬನಿಗೂ ತಿಳಿದಿರಬೇಕು.

ಇನ್ನು ದಾರ. ಕೈಯಲ್ಲಿ ಕಡಿಮೆ ದುಡ್ಡಿದ್ದರೆ ರೀಲಿನಲ್ಲಿ ಉಳಿಸಿ, ದಾರಕ್ಕೆ ಹಾಕಿ. ನಿಮಗೂ ಮೀನಿಗೂ ನಡುವೆ ಇರುವ ನಂಟು ಅದೊಂದೇ.

ಅಂಗಡಿಗಳಲ್ಲಿ ಮೂರು ಬಗೆ ಸಿಗುತ್ತದೆ. ಒಂಟಿ ಎಳೆಯ ನೈಲಾನ್ ಅಗ್ಗ, ಗಂಟು ಹಾಕಲು ಸುಲಭ. ಆದರೆ ಅದು ರಬ್ಬರಿನ ಹಾಗೆ ಹಿಗ್ಗುತ್ತದೆ. ನೀವು ಇಲ್ಲಿ ಜಗ್ಗಿದ ಬಲದಲ್ಲಿ ಒಂದು ಪಾಲು ದಾರದ ಹಿಗ್ಗಿನಲ್ಲೇ ಮುಗಿದುಹೋಗುತ್ತದೆ, ದೂರದ ಕುಚ್ಚಿನ ಗಟ್ಟಿ ದವಡೆಗೆ ಕೊಕ್ಕೆ ಇಳಿಯುವುದಿಲ್ಲ. ಬಿಸಿಲಿಗೆ ಬೇಗ ಸೊರಗುತ್ತದೆ ಕೂಡ. ಫ್ಲೂರೊಕಾರ್ಬನ್ ದಾರ ನೀರಿನಲ್ಲಿ ಹೆಚ್ಚು ಕಾಣುವುದಿಲ್ಲ, ಸವೆತ ತಡೆಯುತ್ತದೆ. ತಿಳಿನೀರಿಗೆ ಒಳ್ಳೆಯದು. ಆದರೆ ನೀರಿಗಿಂತ ಭಾರವಾಗಿರುವುದರಿಂದ ಮುಳುಗುತ್ತದೆ, ತೇಲಬೇಕಾದ ಕಪ್ಪೆಯ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ಮೂರನೆಯದು ಹೆಣೆದ ದಾರ, ಹುಡುಗರ ಬಾಯಲ್ಲಿ ಬ್ರೇಡ್. ಸಣ್ಣ ಸಣ್ಣ ಪಾಲಿಥಿಲೀನ್ ಎಳೆಗಳನ್ನು ಜಡೆ ಹಾಕಿ ಮಾಡಿದ್ದು. ಹಿಗ್ಗುವುದಿಲ್ಲ, ತೇಲುತ್ತದೆ, ದಪ್ಪಕ್ಕೆ ಹೋಲಿಸಿದರೆ ಬಲ ಬಹಳ. 40 ಪೌಂಡಿನ ಬ್ರೇಡ್ ಹೆಚ್ಚುಕಡಿಮೆ ಹತ್ತು ಹನ್ನೆರಡು ಪೌಂಡಿನ ನೈಲಾನಿನಷ್ಟೇ ದಪ್ಪ ಇರುತ್ತದೆ. ನಲವತ್ತು ಪೌಂಡೆಂದರೆ ಹದಿನೆಂಟು ಕಿಲೋ. ಎರಡು ಕಿಲೋ ಮೀನಿಗೆ ಇಷ್ಟು ಬಲ ಏಕೆ ಎಂದು ಕೇಳುತ್ತಾರೆ. ಕುಚ್ಚು ಕಚ್ಚಿದ ಕೂಡಲೇ ಜೊಂಡಿನ ಬುಡಕ್ಕೆ ನುಗ್ಗುತ್ತದೆ. ಆಗ ಮೀನಿನ ಜೊತೆಗೆ ಒಂದು ಹೊರೆ ಕಳೆಯನ್ನೂ ಎಳೆಯಬೇಕು. ಆ ಬಲ ಕಳೆಗಾಗಿ. ಕಳೆ ಕಡಿಮೆಯಿದ್ದರೆ ಮೂವತ್ತು ಪೌಂಡು ಸಾಕು.

ಬ್ರೇಡಿನ ಎರಡು ದೋಷ ಗೊತ್ತಿರಲಿ. ಅದು ನುಣುಪು, ರೀಲಿನಲ್ಲಿ ದಾರ ಸುತ್ತುವ ಸ್ಪೂಲಿನ ಮೇಲೆ ನೇರವಾಗಿ ಸುತ್ತಿದರೆ ಇಡೀ ಸುತ್ತೇ ಜಾರಿ ತಿರುಗುತ್ತದೆ. ಕೆಳಗೆ ಮೊದಲು ಸ್ವಲ್ಪ ನೈಲಾನ್ ಸುತ್ತಿ, ಅದರ ಮೇಲೆ ಬ್ರೇಡ್ ಸುತ್ತಬೇಕು. ಎರಡನೆಯದು, ಒಣ ಗಂಟು ಬಿಗಿದರೆ ಉಜ್ಜಿದ ಬಿಸಿಗೆ ಎಳೆ ಸೊರಗುತ್ತದೆ. ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ. ಪಾಲೊಮಾರ್ ಎಂಬ ಒಂದು ಗಂಟು ಕಲಿತರೆ ಸಾಕು. ಸುತ್ತುವಾಗ ದಾರವನ್ನು ಒದ್ದೆ ಬಟ್ಟೆಯ ನಡುವೆ ಹಿಡಿದು ಬಿಗಿಯಾಗಿ ಸುತ್ತಿ. ಸಡಿಲ ಸುತ್ತು ಏನು ಮಾಡುತ್ತದೆಂದು ಮೋಟರ್ ಕಾಯಿಲ್ ಸುತ್ತುವ ನನಗೆ ಚೆನ್ನಾಗಿ ಗೊತ್ತು: ಮೇಲಿನ ಸುತ್ತು ಕೆಳಗಿನದರೊಳಗೆ ಇಳಿದು ಸಿಕ್ಕಾಗುತ್ತದೆ.

ದಾರದ ನಂತರ ಗಾಳದ ಕೋಲು. ಆರೂವರೆ, ಏಳಡಿಯ ಗಟ್ಟಿ ರಾಡ್ ತೆಗೆದುಕೊಳ್ಳಿ. ಅದರ ಬುಡದಲ್ಲಿ ಎಷ್ಟು ಗ್ರಾಂ ಲ್ಯೂರಿಗೆ, ಎಷ್ಟು ಪೌಂಡ್ ದಾರಕ್ಕೆ ಎಂದು ಬರೆದಿರುತ್ತದೆ. ಕಪ್ಪೆಯ ತೂಕ ಅದರೊಳಗೆ ಬಂದರೆ ಸರಿ.

ಈಗ ರೀಲು. ಎರಡು ಜಾತಿ. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲು ನಿಂತಿರುತ್ತದೆ, ದಾರ ಅದರ ಅಂಚಿನಿಂದ ಕಳಚಿಕೊಂಡು ಹೋಗುತ್ತದೆ. ಇಂಗ್ಲೆಂಡಿನ ಗಿರಣಿ ಊರು ಬ್ರಾಡ್‌ಫರ್ಡ್‌ನ ಇಲಿಂಗ್‌ವರ್ತ್ ಎಂಬಾತ, ಕಂಡಿಕೆಯಿಂದ ನೂಲು ಬಿಚ್ಚಿಕೊಳ್ಳುವುದನ್ನು ನೋಡಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬೇಟ್‌ಕಾಸ್ಟರ್‌ನಲ್ಲಿ ಸ್ಪೂಲೇ ತಿರುಗುತ್ತದೆ. ಅದರ ಮೂಲ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿದ್ದ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕಸುಬಿನವನ ಕೈಕೆಲಸ. ಬೇಟ್‌ಕಾಸ್ಟರ್‌ಗೆ ಬಲ ಹೆಚ್ಚು, ಗುರಿ ನಿಖರ. ಆದರೆ ಲ್ಯೂರು ನಿಧಾನವಾದಾಗ ಸ್ಪೂಲು ವೇಗವಾಗಿ ತಿರುಗಿ ದಾರ ಹಕ್ಕಿಗೂಡಾಗುತ್ತದೆ. ನನ್ನ ಅಂಗಡಿಗೆ ಬರುವ ದೂರುಗಳಲ್ಲಿ ಇದೇ ಹೆಚ್ಚು, ಅಲ್ಲಿ ರೀಲು ಕೆಟ್ಟಿರುವುದೇ ಇಲ್ಲ. ಹೊಸಬರಿಗೆ 3000 ಅಥವಾ 4000 ಗಾತ್ರದ ಸ್ಪಿನ್ನಿಂಗ್ ರೀಲೇ ಸರಿ. ಕೈ ಕುದುರಿದ ಮೇಲೆ ಇನ್ನೊಂದಕ್ಕೆ ಹೋಗಬಹುದು.

ಡಬ್ಬಿಯ ಮೇಲೆ 13 ಬೇರಿಂಗ್ ಎಂದು ಅಚ್ಚಾಗಿದ್ದರೆ ಮರುಳಾಗಬೇಡಿ. ಬಿಚ್ಚಿ ನೋಡಿದವನ ಮಾತು: ಒಳ್ಳೆಯ ನಾಲ್ಕೈದು ಬೇರಿಂಗಿನ ಮುಂದೆ ಕಳಪೆ ಹದಿಮೂರು ನಿಲ್ಲುವುದಿಲ್ಲ. ಹಿಡಿಯನ್ನು ಅಕ್ಕಪಕ್ಕ ಅಲುಗಿಸಿ ನೋಡಿ, ಆಟ ಇರಬಾರದು. ತಿರುಗಿಸಿ ತಟ್ಟನೆ ನಿಲ್ಲಿಸಿ, ಹಿಂದಕ್ಕೆ ಜಾರಬಾರದು. ಗೇರ್ ಅನುಪಾತ 6:1ರ ಆಸುಪಾಸು ಇದ್ದರೆ ಒಂದು ಸುತ್ತಿಗೆ ಸಾಕಷ್ಟು ದಾರ ಒಳಬರುತ್ತದೆ, ಸಡಿಲ ದಾರವನ್ನು ಬೇಗ ಬಿಗಿಮಾಡಬಹುದು. ಮೀನು ಎಳೆದಾಗ ದಾರ ಬಿಟ್ಟುಕೊಡುವ ಡ್ರ್ಯಾಗನ್ನು ಬಯಲು ನೀರಿನಲ್ಲಿ ದಾರದ ಬಲದ ಕಾಲುಭಾಗಕ್ಕೆ ಇಡಿ, ಸಂತೆಯ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದರೆ ಗೊತ್ತಾಗುತ್ತದೆ. ಜೊಂಡಿನಲ್ಲಿ ಅದಕ್ಕಿಂತ ಬಿಗಿ ಬೇಕು. ಗೇರಿಗೆ ಗ್ರೀಸ್, ಬೇರಿಂಗಿಗೆ ಒಂದು ಹನಿ ತೆಳು ಎಣ್ಣೆ. ಸೀಮೆಎಣ್ಣೆ ಸುರಿದು ತರುವವರಿದ್ದಾರೆ, ದಯವಿಟ್ಟು ಬೇಡ. ಇದ್ದ ಗ್ರೀಸೂ ತೊಳೆದುಹೋಗುತ್ತದೆ.

ಕೆರೆಗೆ ಇಳಿಯುವ ಮುನ್ನ ಕೇಳಿ ಇಳಿಯಿರಿ. ಸಣ್ಣ ಕೆರೆಗಳ ಮೀನಿನ ಹಕ್ಕು ಪಂಚಾಯಿತಿಯದು, ದೊಡ್ಡವು ಮೀನುಗಾರಿಕೆ ಇಲಾಖೆಯವು. ಗುತ್ತಿಗೆ ಹಿಡಿದವರು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ. ಅವರ ಒಪ್ಪಿಗೆ ಇಲ್ಲದೆ ಗಾಳ ಹಾಕುವುದು ಕಳ್ಳತನವೇ. ಕಡಿದ ದಾರದ ತುಂಡನ್ನು ದಡದಲ್ಲಿ ಬಿಡಬೇಡಿ, ಜೇಬಿನಲ್ಲಿ ಮನೆಗೆ ತನ್ನಿ. ನೈಲಾನೂ ಕೊಳೆಯುವುದಿಲ್ಲ, ಬ್ರೇಡೂ ಕೊಳೆಯುವುದಿಲ್ಲ. ಬೆಳ್ಳಕ್ಕಿ, ನೀರುಕಾಗೆಗಳ ಕಾಲಿಗೆ ಸುತ್ತಿಕೊಂಡರೆ ಅವು ಹಾರಲಾರದೆ ಸಾಯುತ್ತವೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಸಣ್ಣ ಮೀನನ್ನು ಗಾಯವಿಲ್ಲದೆ ಬಿಡಬಹುದು, ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕುಚ್ಚು ಮರಿ ಮಾಡುತ್ತದೆ. ಕಿತ್ತಳೆಗೆಂಪಿನ ಪುಟ್ಟ ಮರಿಗಳು ಗುಂಪಾಗಿ ನೀರಿನ ಮೇಲೆ ಉಸಿರಿಗೆ ಬರುತ್ತವೆ, ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆ ಹೊತ್ತಿನಲ್ಲಿ ಕಪ್ಪೆ ಎಸೆದರೆ ಅವು ಹಸಿವಿಗಲ್ಲ, ಮರಿಗಳನ್ನು ಕಾಯಲೆಂದು ಎರಗುತ್ತವೆ. ಆದ್ದರಿಂದಲೇ ಹಿಡಿಯುವುದು ಬಲು ಸುಲಭ. ದೊಡ್ಡದನ್ನು ಎತ್ತಿಕೊಂಡರೆ ಆ ಮರಿಗಳು ಉಳಿದ ಮೀನುಗಳ ಪಾಲು. ಕೆಂಪು ಮರಿಗಳ ಗುಂಪು ಕಂಡ ಜಾಗದಲ್ಲಿ ಗಾಳ ಹಾಕಬೇಡಿ, ಹಾಕುವವರಿಗೂ ಹೇಳಿ.