ಹದಿನೇಳರ ಹುಡುಗನ ಬೆಲೆ ಕಟ್ಟುವುದು ಹೇಗೆ?

1993ರ ಜೂನ್ 26. ಕೆನಡಾದ ಕ್ವಿಬೆಕ್ ನಗರದ ಒಳಾಂಗಣ ಕ್ರೀಡಾಂಗಣದಲ್ಲಿ ಅಂದು ಮೊದಲು ಕೂಗಿದ ಹೆಸರು ಅಲೆಕ್ಸಾಂಡರ್ ಡೇಗ್ಲ್. ವಯಸ್ಸು ಹದಿನೆಂಟು. ಹಿಂದಿನ ಋತುವಿನಲ್ಲಿ ಜೂನಿಯರ್ ಹಾಕಿಯ 53 ಪಂದ್ಯಗಳಲ್ಲಿ 137 ಪಾಯಿಂಟ್ ಕಲೆಹಾಕಿದ್ದ ಹುಡುಗ. ಒಟ್ಟಾವಾ ತಂಡ ಆತನಿಗೆ ಐದು ವರ್ಷಗಳಿಗೆ 1 ಕೋಟಿ 22.5 ಲಕ್ಷ ಡಾಲರ್ ಕೊಡಲು ಒಪ್ಪಿತು. ಎರಡನೆಯ ಹೆಸರು ಕ್ರಿಸ್ ಪ್ರಾಂಗರ್, ನೀಳಕಾಯದ ರಕ್ಷಣಾ ಆಟಗಾರ.

ಮುಂದೆ ಆದದ್ದೇ ಬೇರೆ. ಪ್ರಾಂಗರ್ 2000ದಲ್ಲಿ ಲೀಗಿನ ಅತಿ ಮೌಲಿಕ ಆಟಗಾರನೆನಿಸಿದ, 2007ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ, 2015ರಲ್ಲಿ ಹಾಕಿಯ ಕೀರ್ತಿಭವನ ಸೇರಿದ. ಡೇಗ್ಲ್ ಊರಿಂದೂರಿಗೆ, ತಂಡದಿಂದ ತಂಡಕ್ಕೆ ಅಲೆದ. ಇಪ್ಪತ್ತೈದರ ಹರೆಯದಲ್ಲೇ ಆಟ ಬಿಟ್ಟು ಎರಡು ವರ್ಷ ದೂರ ಉಳಿದ. ಮರಳಿ ಬಂದು ಆಡಿದರೂ ಒಟ್ಟು 616 ಪಂದ್ಯಗಳಲ್ಲಿ ಹೊಡೆದದ್ದು 129 ಗೋಲು. ಇದು ಕೆಟ್ಟ ಲೆಕ್ಕವೇನಲ್ಲ. ಆದರೆ ಅವನಿಂದ ಬಯಸಿದ್ದು ಇದಲ್ಲ.

ನಮ್ಮಲ್ಲಿ ಹಾಕಿ ಎಂದರೆ ಮೈದಾನದ ಆಟ. ಕೆನಡಾದಲ್ಲಿ ಆ ಹೆಸರಿಗೆ ಮಂಜುಗಡ್ಡೆಯ ಅಂಗಳ, ಕಾಲಿಗೆ ಸ್ಕೇಟು, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅಲ್ಲಿ ಒಳ್ಳೆಯ ಹುಡುಗರು ಹದಿನಾರಕ್ಕೇ ಮನೆ ಬಿಟ್ಟು ಸುಮಾರು ಅರವತ್ತು ತಂಡಗಳಿರುವ ಮೂರು ಪ್ರಮುಖ ಜೂನಿಯರ್ ಲೀಗುಗಳನ್ನು ಸೇರುತ್ತಾರೆ. ತಂಡದ ಊರಿನಲ್ಲಿ ಯಾರದೋ ಮನೆಯವರು ಅವರನ್ನು ಮಗನಂತೆ ಇಟ್ಟುಕೊಂಡು ಊಟ, ವಸತಿ ನೋಡಿಕೊಳ್ಳುತ್ತಾರೆ. ಶಾಲೆ, ಬಸ್ಸಿನಲ್ಲಿ ರಾತ್ರಿ ಪ್ರಯಾಣ, ವರ್ಷಕ್ಕೆ ಅರವತ್ತಕ್ಕೂ ಹೆಚ್ಚು ಪಂದ್ಯ. ಇದೆಲ್ಲದರ ಕೊನೆಗೆ ಇರುವುದು ನ್ಯಾಷನಲ್ ಹಾಕಿ ಲೀಗಿನ ಡ್ರಾಫ್ಟ್.

ಐಪಿಎಲ್ ಹರಾಜನ್ನು ನೋಡಿದವರಿಗೆ ಡ್ರಾಫ್ಟ್ ವಿಚಿತ್ರವೆನಿಸೀತು. ಇಲ್ಲಿ ಹರಾಜು ಕೂಗುವುದಿಲ್ಲ. ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರು ಹೇಳಬೇಕು. ಹೇಳಿದ ತಂಡಕ್ಕೇ ಅವನ ಮೇಲಿನ ಹಕ್ಕು. ಹಿಂದಿನ ಋತುವಿನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಸರದಿ ಮೊದಲು. 1963ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಇಂದು 32 ತಂಡಗಳು ಏಳು ಸುತ್ತಿನಲ್ಲಿ 224 ಹುಡುಗರನ್ನು ಆರಿಸುತ್ತವೆ. ಕೊನೆಯ ಸ್ಥಾನಕ್ಕೆ ಬಹುಮಾನವಿದ್ದರೆ ಸೋಲಲು ಆಸೆಯೂ ಹುಟ್ಟುತ್ತದಲ್ಲ! ಡೇಗ್ಲ್‌ಗಾಗಿ ಒಟ್ಟಾವಾ ಬೇಕೆಂದೇ ಸೋತಿತೆಂಬ ಗುಮಾನಿ ಎದ್ದು ವಿಚಾರಣೆಯೂ ನಡೆಯಿತು. ಪಂದ್ಯ ಬಿಟ್ಟುಕೊಟ್ಟದ್ದು ಸಾಬೀತಾಗಲಿಲ್ಲ. ಆದರೂ 1995ರಿಂದ ಮೊದಲ ಸರದಿಯನ್ನು ಲಾಟರಿ ಎತ್ತಿ ನಿರ್ಧರಿಸಲಾಗುತ್ತಿದೆ. ಹೊಸಬರ ಸಂಬಳಕ್ಕೆ ಮಿತಿ ಬಿದ್ದದ್ದೂ ಅದೇ ವರ್ಷ.

ಹುಡುಗರನ್ನು ಅಳೆಯುವ ಕೆಲಸ ಸ್ಕೌಟುಗಳದ್ದು. ಚಳಿಗಾಲವಿಡೀ ಸಣ್ಣ ಊರುಗಳ ಅಂಗಳಗಳನ್ನು ಸುತ್ತಿ, ಕೈಯಲ್ಲೊಂದು ಟಿಪ್ಪಣಿ ಪುಸ್ತಕ ಹಿಡಿದು ಕೂರುವ ಮಂದಿ ಇವರು. ಪ್ರೇಕ್ಷಕರೆಲ್ಲ ಪಕ್ ನೋಡುತ್ತಿದ್ದರೆ ಸ್ಕೌಟು ಪಕ್ ಇಲ್ಲದ ಹುಡುಗನನ್ನು ನೋಡುತ್ತಾನೆ. ಪಕ್ ತನ್ನತ್ತ ಬರುವ ಮುನ್ನ ಹುಡುಗ ಹೆಗಲ ಮೇಲಿಂದ ಹಿಂದೆ ಒಮ್ಮೆ ಕಣ್ಣಾಡಿಸಿದನೇ? ಪಕ್ ಕಳೆದುಕೊಂಡಾಗ ಬೆನ್ನಟ್ಟಿ ಬಂದನೇ, ಇಲ್ಲ ಸೊಂಟದ ಮೇಲೆ ಕೈಯಿಟ್ಟು ನಿಂತನೇ? ಸ್ಕೇಟಿಂಗಿನ ವೇಗ, ಕೈಚಳಕ, ಮೈಕಟ್ಟು ಯಾರ ಕಣ್ಣಿಗಾದರೂ ಬೀಳುತ್ತವೆ. ಆಟದ ಅರಿವು ಬೀಳುವುದಿಲ್ಲ. ಡ್ರಾಫ್ಟಿನ ನಿಜವಾದ ಜೂಜು ಇರುವುದು ಅಲ್ಲಿಯೇ.

ಅಂಕಿ-ಅಂಶ ನೆರವಿಗೆ ಬರುತ್ತದೆ, ಆದರೆ ಅದನ್ನು ಓದಲು ಬರಬೇಕು. ಜೂನಿಯರ್ ಲೀಗಿನಲ್ಲಿ ಹದಿನಾರರವನೂ ಇಪ್ಪತ್ತರವನೂ ಒಟ್ಟಿಗೆ ಆಡುತ್ತಾರೆ. ಹದಿನೇಳರಲ್ಲಿ ಗಳಿಸಿದ 80 ಪಾಯಿಂಟಿಗೂ ಹತ್ತೊಂಬತ್ತರಲ್ಲಿ ಗಳಿಸಿದ 80ಕ್ಕೂ ಅಜಗಜಾಂತರ. ಪಕ್ಕದಲ್ಲಿ ಆಡಿದವರು ಯಾರು, ಎದುರಾಳಿ ತಂಡದಲ್ಲಿ ಒಬ್ಬ ಶಿಕ್ಷೆಗೊಳಗಾಗಿ ಹೊರಗಿದ್ದಾಗ ಹೊಡೆದ ಗೋಲುಗಳೆಷ್ಟು ಎಂಬುದನ್ನೂ ಕಳೆದು ನೋಡಬೇಕು. ಡೇಗ್ಲ್‌ನ 137 ಸುಳ್ಳು ಸಂಖ್ಯೆಯಲ್ಲ. ಆಟದ ಮೇಲೆ ಅವನಿಗೆಷ್ಟು ಪ್ರೀತಿಯಿತ್ತು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಇನ್ನು ಯಾರ ಟಿಪ್ಪಣಿ ಪುಸ್ತಕದಲ್ಲೂ ಬಹುಕಾಲ ಇಲ್ಲದಿದ್ದ ಸಂಗತಿಯೊಂದಿದೆ: ಹುಟ್ಟಿದ ತಿಂಗಳು. 1980ರ ದಶಕದ ಆರಂಭದಲ್ಲಿ ಆಲ್ಬರ್ಟಾದ ಲೆಥ್‌ಬ್ರಿಜ್‌ನಲ್ಲಿ ಮನಃಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಜೂನಿಯರ್ ಪಂದ್ಯವೊಂದಕ್ಕೆ ಹೋಗಿದ್ದರು. ಜತೆಗಿದ್ದ ಪತ್ನಿ ಪಂದ್ಯದ ಪುಸ್ತಿಕೆ ತಿರುವುತ್ತ ಆಟಗಾರರ ಜನ್ಮದಿನಗಳನ್ನು ತೋರಿಸಿದರು. ಎಲ್ಲಿ ನೋಡಿದರೂ ಜನವರಿ, ಫೆಬ್ರುವರಿ, ಮಾರ್ಚ್! ಕಾರಣ ಸರಳ. ಕೆನಡಾದಲ್ಲಿ ಮಕ್ಕಳ ವಯೋಗುಂಪನ್ನು ಜನವರಿ 1ರಿಂದ ಎಣಿಸುತ್ತಾರೆ. ಎಂಟೊಂಬತ್ತರ ಮಕ್ಕಳಲ್ಲಿ ಜನವರಿಯವನು ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು, ಬಲವಂತ. ಅವನೇ ಒಳ್ಳೆಯ ತಂಡಕ್ಕೆ ಆಯ್ಕೆಯಾಗುತ್ತಾನೆ, ಒಳ್ಳೆಯ ತರಬೇತಿ ಪಡೆಯುತ್ತಾನೆ, ಕೊನೆಗೆ ನಿಜಕ್ಕೂ ಒಳ್ಳೆಯ ಆಟಗಾರನಾಗುತ್ತಾನೆ.

ಹದಿನೆಂಟರ ಹೊತ್ತಿಗೆ ಈ ಅಂತರ ಸ್ಕೌಟುಗಳ ಕಣ್ಣಿಗೆ ಮೋಸ ಮಾಡುವುದಿಲ್ಲ ಎಂದುಕೊಂಡರೆ ಅದೂ ತಪ್ಪು. 1980ರಿಂದ 2007ರವರೆಗಿನ ಡ್ರಾಫ್ಟುಗಳನ್ನು ಪರಿಶೀಲಿಸಿದ 2013ರ ಅಧ್ಯಯನವೊಂದರ ಪ್ರಕಾರ, ಆಯ್ಕೆಯಾದ ಕೆನಡಾದ ಹುಡುಗರಲ್ಲಿ ಶೇ 36ರಷ್ಟು ಮಂದಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು. ಆದರೆ ಮುಂದೆ ಆಡಿದ ಪಂದ್ಯಗಳಲ್ಲಿ ಅವರ ಪಾಲು ಕೇವಲ ಶೇ 28. ವರ್ಷದ ಉತ್ತರಾರ್ಧದಲ್ಲಿ ಹುಟ್ಟಿ ತಡವಾಗಿ ಆಯ್ಕೆಯಾದವರು ತಮ್ಮ ಸ್ಥಾನಕ್ಕೆ ಮೀರಿ ಆಡಿದ್ದರು. ಚಿಕ್ಕವರಾಗಿದ್ದರು, ಅಷ್ಟೇ. ಅದನ್ನು ಪ್ರತಿಭೆಯ ಕೊರತೆಯೆಂದು ಓದಲಾಗಿತ್ತು.

ಗೋಲ್‌ಕೀಪರುಗಳ ವಿಷಯವಂತೂ ಕೇಳುವುದೇ ಬೇಡ. ಅವರು ಪಕ್ವವಾಗುವುದೇ ತಡ. 2000ದಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಮೊದಲ ಸರದಿಯಲ್ಲೇ ರಿಕ್ ಡಿಪಿಯೆಟ್ರೊ ಎಂಬ ಗೋಲ್‌ಕೀಪರನನ್ನು ಆರಿಸಿತು. ಗಾಯಗಳಿಂದ ಬಳಲಿದ ಆತ ಆಡಿದ್ದು 318 ಪಂದ್ಯ. ಅದೇ ದಿನಗಳಲ್ಲಿ, ನ್ಯೂಯಾರ್ಕ್ ರೇಂಜರ್ಸ್ ತಂಡ 205ನೆಯವನಾಗಿ ಸ್ವೀಡನ್ನಿನ ಹೆನ್ರಿಕ್ ಲುಂಡ್‌ಕ್ವಿಸ್ಟ್‌ನನ್ನು ಆರಿಸಿತು. 887 ಪಂದ್ಯ, 459 ಗೆಲುವು, 2023ರಲ್ಲಿ ಕೀರ್ತಿಭವನ.

ಪಾವೆಲ್ ದತ್ಸುಕ್‌ನ ಕತೆ ಇನ್ನೂ ಸ್ವಾರಸ್ಯಕರ. ಡೆಟ್ರಾಯಿಟ್ ತಂಡದ ಯುರೋಪ್ ಸ್ಕೌಟ್ ಹೋಕನ್ ಆಂಡರ್ಸನ್ ಮಾಸ್ಕೋಗೆ ಹೋದದ್ದು ದ್ಮಿತ್ರಿ ಕಲಿನಿನ್ ಎಂಬ ಬೇರೊಬ್ಬ ಹುಡುಗನನ್ನು ನೋಡಲು. ಕಣ್ಣು ಹೋದದ್ದು ಎದುರು ತಂಡದ ಸಣಕಲು ದತ್ಸುಕ್‌ನ ಮೇಲೆ. ಎರಡು ಡ್ರಾಫ್ಟುಗಳಲ್ಲಿ ಯಾರೂ ಮೂಸಿ ನೋಡದ ಹುಡುಗ. ಆಂಡರ್ಸನ್ ಮಾತು ಕೇಳಿ ಡೆಟ್ರಾಯಿಟ್ 1998ರಲ್ಲಿ 171ನೆಯ ಸರದಿಯಲ್ಲಿ ಅವನ ಹೆಸರು ಹೇಳಿತು. ಎರಡು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದ ಆ ಹುಡುಗ 2024ರಲ್ಲಿ ಕೀರ್ತಿಭವನಕ್ಕೆ ಸೇರಿದ. ಅವನು ಜುಲೈನಲ್ಲಿ ಹುಟ್ಟಿದವನು ಎಂಬುದನ್ನು ಕುತೂಹಲಕ್ಕಾಗಿ ಹೇಳಬಹುದು. ಡೇಗ್ಲ್ ಫೆಬ್ರುವರಿಯವನು.

ಡ್ರಾಫ್ಟಿಗೆ ಮುಂಚೆ ಆಯ್ದ ಹುಡುಗರಿಗೆ ದೇಹಪರೀಕ್ಷೆಯೂ ಉಂಟು. ಸೈಕಲ್ ತುಳಿಸಿ ಉಸಿರು ಅಳೆಯುತ್ತಾರೆ, ಜಿಗಿಸುತ್ತಾರೆ, ಕೋಣೆಯಲ್ಲಿ ಕೂರಿಸಿ ಪ್ರಶ್ನೆಗಳ ಸುರಿಮಳೆಗರೆಯುತ್ತಾರೆ. 2014ರಲ್ಲಿ ಸ್ಯಾಮ್ ಬೆನೆಟ್ ಎಂಬ ಹುಡುಗ ಕಂಬಿಗೆ ಜೋತುಬಿದ್ದು ಒಂದೇ ಒಂದು ಬಾರಿಯೂ ಗಲ್ಲವನ್ನು ಕಂಬಿಯ ಮೇಲಕ್ಕೆ ತರಲಾಗದೆ ಪತ್ರಿಕೆಗಳಿಗೆ ನಗೆಪಾಟಲಾದ. ಕ್ಯಾಲ್ಗರಿ ತಂಡ ಧೈರ್ಯ ಮಾಡಿ ಅವನನ್ನು ನಾಲ್ಕನೆಯವನಾಗಿ ಆರಿಸಿತು. ಅಲ್ಲಿ ಏಳೆಂಟು ಋತು ಸಾಧಾರಣವಾಗಿಯೇ ಕಳೆದವು. ಫ್ಲೋರಿಡಾ ತಂಡಕ್ಕೆ ಹೋದ ಮೇಲೆ ಆಟ ಕುದುರಿತು. 2025ರ ಸ್ಟ್ಯಾನ್ಲಿ ಕಪ್ ಹಣಾಹಣಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ಅವನ ಪಾಲಾಯಿತು.

ಹೆಸರು ಕೂಗದೇ ಉಳಿದ ಹುಡುಗರ ಪಾಡೇನು? ಜೂನಿಯರ್ ಲೀಗುಗಳು ಆಡಿದ ವರ್ಷಗಳಿಗೆ ತಕ್ಕಂತೆ ಕಾಲೇಜು ಓದಿನ ವೆಚ್ಚ ಭರಿಸುತ್ತವೆ. ಆದರೆ ಈ ಲೀಗುಗಳಲ್ಲಿ ಒಮ್ಮೆ ಆಡಿದವನಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಬಹುಕಾಲ ಮುಚ್ಚಿತ್ತು; ಸಣ್ಣ ಭತ್ಯೆ ಪಡೆದ ತಪ್ಪಿಗೆ ಅವನನ್ನು ವೃತ್ತಿಪರನೆಂದು ಎಣಿಸುತ್ತಿದ್ದರು. 2024ರ ನವೆಂಬರಿನಲ್ಲಿ ಆ ನಿಯಮ ಬದಲಾಯಿತು. 2025ರ ಋತುವಿನಿಂದ ಜೂನಿಯರ್ ಮುಗಿಸಿದವನು ಕಾಲೇಜು ತಂಡದಲ್ಲಿ ಇಪ್ಪತ್ಮೂರು, ಇಪ್ಪತ್ನಾಲ್ಕರವರೆಗೂ ಆಡಬಹುದು. ಸ್ಕೌಟುಗಳು ಈಗ ಆ ಅಂಗಳಗಳಲ್ಲೂ ಟಿಪ್ಪಣಿ ಪುಸ್ತಕ ಬಿಚ್ಚಿ ಕೂತಿದ್ದಾರೆ.