‘ಗೊತ್ತಾಯ್ತು’ ಅಂದೆ, ಗೆಳೆಯ ಸತ್ತ!

ಒಂದು ಶನಿವಾರ ರಾತ್ರಿ ರೂಮ್‌ಮೇಟ್ ಕೇಳಿದ: ‘ನಮ್ ಪಾರ್ಟಿಗೆ ಒಬ್ಬ ಕ್ಲೆರಿಕ್ ಬೇಕು ಕಣೋ. ಕ್ಯಾಂಪೇನ್ ಎಂಟು ತಿಂಗಳಿಂದ ನಡೀತಿದೆ. ನಾಳೆ ಬರ್ತೀಯಾ?’

ನನ್ನ ಕಿವಿಗೆ ಬಿದ್ದಿದ್ದು ‘ಕ್ಲರ್ಕ್’. ಬಿ.ಕಾಂ. ಓದ್ತಿದ್ದೀನಲ್ಲ, ಯಾವುದೋ ಪಕ್ಷದ ಪ್ರಚಾರದ ಲೆಕ್ಕ ಬರೆಯೋಕೆ ಕರೀತಿರಬೇಕು ಅಂದುಕೊಂಡೆ. ಭಾನುವಾರದ ಊಟದ ಖರ್ಚಾದರೂ ಉಳಿಯಲಿ ಅಂತ ಹೊರಟೆ.

ಅಲ್ಲಿ ಪಕ್ಷವೂ ಇಲ್ಲ, ಬಾವುಟವೂ ಇಲ್ಲ. ಒಂದು ಮೇಜು, ಸುತ್ತ ನಾಲ್ಕೈದು ಜನ, ಚಿಪ್ಸ್ ಪ್ಯಾಕೆಟ್, ಬಣ್ಣಬಣ್ಣದ ದಾಳಗಳು. ಇಪ್ಪತ್ತು ಮುಖದ ದಾಳ ನೋಡಿದ್ದು ಅದೇ ಮೊದಲು. ಅವರು ಆಡುತ್ತಿದ್ದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕಥೆ ಹೇಳುತ್ತಾರೆ; ಅವರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಉಳಿದವರದು ಕಥೆಯೊಳಗೆ ಒಂದೊಂದು ಪಾತ್ರ. ನಿಮ್ಮ ಪಾತ್ರ ಏನು ಮಾಡುತ್ತೆ ಅಂತ ನೀವು ಹೇಳಬೇಕು. ಅದು ಕೈಗೂಡುತ್ತೋ ಇಲ್ಲವೋ ಅಂತ ದಾಳ ಹೇಳುತ್ತೆ. ಪಾತ್ರಗಳ ತಂಡವೇ ಪಾರ್ಟಿ. ವಾರವಾರ ಮುಂದುವರಿಯುವ ಕಥೆಯೇ ಕ್ಯಾಂಪೇನ್. ಕ್ಲೆರಿಕ್ ಅಂದರೆ ದೇವರ ಬಲದಿಂದ ಗಾಯ ವಾಸಿ ಮಾಡುವವನು.

ಇವತ್ತು ಇದನ್ನೆಲ್ಲ ಸಲೀಸಾಗಿ ಬರೀತಿದ್ದೀನಿ. ಅವತ್ತು ಒಂದಕ್ಷರ ಅರ್ಥವಾಗಿರಲಿಲ್ಲ. ‘ಇನಿಷಿಯೇಟಿವ್’ ಅಂದರು. ಇಂಟರ್‌ವ್ಯೂನಲ್ಲಿ ಬಳಸೋ ಪದ ಅಲ್ವಾ ಅದು? ಇಲ್ಲಿ ಅದು ಜಗಳದಲ್ಲಿ ಯಾರ ಸರದಿ ಮೊದಲು ಅಂತ ತೀರ್ಮಾನಿಸೋ ದಾಳ. ‘ಮೆಟಾಗೇಮಿಂಗ್ ಮಾಡ್ಬೇಡ’ ಅಂದರು. ನನಗೆ ಗೊತ್ತಿದ್ದು ನನ್ನ ಪಾತ್ರಕ್ಕೆ ಗೊತ್ತಿಲ್ಲದ ವಿಷಯವನ್ನು ಆಟದಲ್ಲಿ ಬಳಸಬೇಡ ಅಂತ ಅರ್ಥ. ನಾನು ಎಲ್ಲದಕ್ಕೂ ತಲೆಯಾಡಿಸಿದೆ.

ಅದು ನನ್ನ ಹಳೇ ಚಾಳಿ. ಹತ್ತನೇ ತರಗತಿವರೆಗೆ ಊರಲ್ಲಿ ಕನ್ನಡ ಮೀಡಿಯಂ. ಪಿಯುಸಿಗೆ ಸೇರಿದ ಮೊದಲ ವಾರವೇ ಒಂದು ಉಪಾಯ ಕಂಡುಕೊಂಡಿದ್ದೆ: ಅರ್ಥವಾಗದಿದ್ದರೆ ತಲೆಯಾಡಿಸು, ಯಾರೂ ಮತ್ತೆ ಕೇಳಲ್ಲ. ನಾಲ್ಕು ವರ್ಷ ಅದು ಕೈಕೊಟ್ಟಿರಲಿಲ್ಲ.

ಮೂರನೇ ಭಾನುವಾರ ಕೈಕೊಟ್ಟಿತು.

ಕಾಡಿನಲ್ಲಿ ಗಾಬ್ಲಿನ್‌ಗಳ ದಾಳಿ. ರೂಮ್‌ಮೇಟ್‌ನ ಪಾತ್ರ ಒಬ್ಬ ಬಿಲ್ಲುಗಾರ. ಎಂಟು ತಿಂಗಳು ಆಡಿದ್ದ, ನೋಟ್‌ಬುಕ್ ತುಂಬ ಅವನದೇ ಚಿತ್ರ ಬರೆದಿದ್ದ. ‘ಎಚ್‌ಪಿ ಝೀರೋ, ಡೌನ್ ಆದ’ ಅಂದರು. ಸ್ವಲ್ಪ ಹೊತ್ತಿಗೆ ‘ಡೆತ್ ಸೇವ್ ಎರಡು ಫೇಲ್’ ಅಂದರು. ‘ಸೇವ್’ ಅಂದ ಮೇಲೆ ಉಳಿದ ಅಂತ ತಾನೆ?

ನನ್ನ ಸರದಿ ಬಂತು. ಡಿಎಂ ಕೇಳಿದಳು, ‘ಪರಿಸ್ಥಿತಿ ಗೊತ್ತಾಯ್ತಲ್ವಾ?’

‘ಗೊತ್ತಾಯ್ತು. ಗಾಬ್ಲಿನ್‌ಗೆ ಹೊಡೀತೀನಿ.’

‘ಆರ್ ಯು ಶ್ಯೂರ್?’

‘ಶ್ಯೂರ್!’

ಡಿಎಂ ಹೀಗೆ ಕೇಳಿದರೆ ‘ಇನ್ನೊಂದ್ಸಲ ಯೋಚ್ನೆ ಮಾಡು ಮಾರಾಯ’ ಅಂತ ಅರ್ಥ. ಈ ಆಟ ಆಡುವವರೆಲ್ಲ ಬಲ್ಲ ಮಾತು ಅದು. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕಬಾರದು ಅನ್ನೋದು ನಮ್ಮ ಮೇಜಿನ ಕಟ್ಟುಪಾಡು. ಎಲ್ಲರೂ ಸುಮ್ಮನೆ ನನ್ನ ಮುಖ ನೋಡಿದರು. ನಾನು ಹೊಡೆದೆ, ಗಾಬ್ಲಿನ್ ಬಿತ್ತು. ಆಮೇಲೆ ಗೆಳೆಯ ದಾಳ ಹಾಕಿದ. ಏಳು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಿತ್ತು. ಮೂರು ಸಲ ಫೇಲ್ ಆದರೆ ಪಾತ್ರ ಸತ್ತಂತೆ. ನಾನು ಒಂದು ಮಾತಲ್ಲಿ ವಾಸಿ ಮಾಡಬಹುದಿತ್ತು.

ಅವನು ಬೈಯಲಿಲ್ಲ. ವಾಪಸ್ ಬರುವಾಗ ಬಸ್‌ನಲ್ಲಿ ಇಷ್ಟೇ ಅಂದ: ‘ಗೊತ್ತಿಲ್ಲ ಅಂದಿದ್ರೆ ಸಾಕಿತ್ತಲ್ಲೋ.’

ಆ ರಾತ್ರಿ ನಿದ್ದೆ ಬರಲಿಲ್ಲ. ಊರಿನ ಬೇಸಿಗೆ ರಜೆ ನೆನಪಾಯಿತು. ಅಜ್ಜಿ ಜೊತೆ ಚೌಕಾಬಾರ ಆಡುತ್ತಾ ‘ಕಾಯಿ ಕಡಿ’, ‘ನಂದು ಹಣ್ಣಾಯ್ತು’ ಅಂತ ನಾವು ಕೂಗುತ್ತಿದ್ದರೆ, ಮುಂಬೈನಿಂದ ಬಂದಿದ್ದ ಅತ್ತೆ ಮಗ ಪಿಳಿಪಿಳಿ ನೋಡುತ್ತಿದ್ದ. ಕಲ್ಲಿನ ಚೂರು ಹಣ್ಣಾಗೋದು ಹೇಗೆ ಅಂತ ಕೇಳಿದಾಗ ನಾವೆಲ್ಲ ಬಿದ್ದೂಬಿದ್ದು ನಕ್ಕಿದ್ದೆವು. ಅಜ್ಜಿ ನಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಕಾಯಿ ಮನೆಮನೆ ದಾಟಿ ನಡುಮನೆ ಸೇರಿದರೆ ಹಣ್ಣು ಅಂತ ತೋರಿಸಿಕೊಟ್ಟಿದ್ದಳು. ಅಂದು ಅವನು ಕೇಳಿದ್ದ. ನಾನು ಕೇಳಲಿಲ್ಲ.

ಮರುದಿನ ಗೆಳೆಯನನ್ನು ಮೆಸ್‌ನಲ್ಲಿ ಹಿಡಿದು ಒಂದೊಂದೇ ಪದ ಕೇಳಿದೆ. ‘ನ್ಯಾಟ್ ಟ್ವೆಂಟಿ’ ಅಂದರೆ ಏನೂ ಕೂಡಿಸದೆ ದಾಳದಲ್ಲೇ ಬಿದ್ದ ಇಪ್ಪತ್ತು. ಡಿಎಂ ತಾನು ಅಂದುಕೊಂಡ ದಾರಿಯಲ್ಲೇ ಎಲ್ಲರನ್ನೂ ಎಳೆದುಕೊಂಡು ಹೋದರೆ ‘ರೈಲ್‌ರೋಡಿಂಗ್’. ಮಾತುಮಾತಿಗೂ ನಿಯಮದ ಪುಸ್ತಕ ತೆಗೆಯುವವನು ‘ರೂಲ್ಸ್ ಲಾಯರ್’. ಕಂಡಕಂಡವರನ್ನೆಲ್ಲ ಕೊಲ್ಲುತ್ತಾ ಅಲೆಯುವವನು ‘ಮರ್ಡರ್ ಹೋಬೋ’. ಇಡೀ ತಂಡ ಸತ್ತರೆ ‘ಟಿಪಿಕೆ’. ನಾವು ರೀಲ್ಸ್‌ನಲ್ಲಿ ಗೇಲಿ ಮಾಡೋಕೆ ಬಳಸೋ ‘ಎನ್‌ಪಿಸಿ’ ಕೂಡ ಇಂಥ ಮೇಜುಗಳಿಂದಲೇ ಬಂದದ್ದು: ಆಟಗಾರರ ಕೈಯಲ್ಲಿಲ್ಲದ, ಡಿಎಂ ನಡೆಸುವ ಪಾತ್ರ. ಮೊಬೈಲ್ ಗೇಮ್‌ನ ಎಚ್‌ಪಿ, ಅಂದರೆ ಉಳಿದಿರುವ ಜೀವದ ಲೆಕ್ಕವೂ ಅಷ್ಟೆ. ಅದನ್ನು ಆರ್ನೆಸನ್ ಯುದ್ಧನೌಕೆಗಳ ಆಟದಿಂದ ತಂದರಂತೆ. ಹಡಗು ಎಷ್ಟು ಏಟು ತಡೆಯುತ್ತೆ ಅನ್ನೋ ಲೆಕ್ಕ. ಅಂದಹಾಗೆ ಕ್ಲೆರಿಕ್, ಕ್ಲರ್ಕ್ ಎರಡರ ಮೂಲವೂ ಒಂದೇ. ನನ್ನ ಕಿವಿ ಪೂರ್ತಿ ತಪ್ಪಿರಲಿಲ್ಲ!

ಕೇಳುತ್ತಾ ಹೋದಂತೆ ಒಂದು ಹೊಳೆಯಿತು. ಇವು ಹೊರಗಿನವರನ್ನು ದೂರ ಇಡೋಕೆ ಹುಟ್ಟಿದ ಪದಗಳಲ್ಲ. ಮೇಜಿನ ಸುತ್ತ ಏನೋ ನಡೆದಿದೆ, ನಕ್ಕಿದ್ದಾರೆ, ಜಗಳವಾಡಿದ್ದಾರೆ, ಅದಕ್ಕೊಂದು ಹೆಸರಿಟ್ಟಿದ್ದಾರೆ. ನಮ್ಮ ಕಾಯಿ-ಹಣ್ಣಿನ ಹಾಗೆ. ಗೋಡೆ ಕಟ್ಟಿಕೊಂಡಿದ್ದು ನಾನೇ.

ಅದೇ ವಾರ ಕ್ಲಾಸಿನಲ್ಲಿ ಮೊದಲ ಸಲ ಕೈ ಎತ್ತಿ ‘ಸರ್, ಅರ್ಥ ಆಗ್ಲಿಲ್ಲ’ ಅಂದೆ. ಸರ್ ಮತ್ತೆ ಹೇಳಿದರು. ಹಿಂದಿನ ಬೆಂಚಿನ ಇಬ್ಬರು ಪೆನ್ ತೆಗೆದು ಬರೆದುಕೊಂಡರು.

ಗೆಳೆಯ ಈಗ ಹೊಸ ಪಾತ್ರ ಮಾಡಿಕೊಂಡಿದ್ದಾನೆ. ನಾನು ಅದೇ ಕ್ಲೆರಿಕ್. ಕಳೆದ ಭಾನುವಾರ ಹೊಸ ಹುಡುಗಿಯೊಬ್ಬಳು ಬಂದಿದ್ದಳು. ಡಿಎಂ ಹೇಳಿದ್ದಕ್ಕೆಲ್ಲ ಬೇಗ ಬೇಗ ತಲೆಯಾಡಿಸುತ್ತಿದ್ದಳು. ಆ ತಲೆಯಾಟ ನನಗೆ ಚೆನ್ನಾಗಿ ಗೊತ್ತು. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹೇಳಿದೆ: ‘ಗೊತ್ತಾಗ್ಲಿಲ್ಲ ಅಂದ್ರೆ ಇಲ್ಲಿ ಯಾರೂ ಸಾಯಲ್ಲ. ಗೊತ್ತಾಯ್ತು ಅಂದ್ರೇನೇ ಕಷ್ಟ.’

ಅತ್ತ ಕಡೆಯಿಂದ ರೂಮ್‌ಮೇಟ್ ಜೋರಾಗಿ ನಕ್ಕ.