ಕೊಕ್ಕರೆಯ ಕೊಕ್ಕು, ದೊಡ್ಡಪ್ಪನ ಕಾಲು

ಕಣ್ಣು ಮುಚ್ಚಿದರೂ ಮೀನು ಹಿಡಿಯುವ ಹಕ್ಕಿ! ನಂಬಲು ನನಗೂ ಹೊತ್ತು ಹಿಡಿಯಿತು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಲ್ಲಿ ಹುಣಸೆ ಮರದ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಕೆಳಗೆ ಮನೆ, ದನ, ಜನ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರು ಇವುಗಳನ್ನು ನೋಡಿಕೊಂಡಿದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಹೊರಜಗತ್ತಿಗೆ ತೋರಿಸಿಕೊಟ್ಟ, 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಊರು ಇದು. ಮರ ನೋಡಿ ಕತ್ತು ಸೋತ ಮೇಲೆ ದೊಡ್ಡಪ್ಪನ ಜೊತೆ ಶಿಂಷಾ ಹೊಳೆಯ ಕಡೆ ಇಳಿದೆ. ಅಲ್ಲಿತ್ತು ನೋಡಿ, ಅಚ್ಚರಿ!

ಬಣ್ಣದ ಕೊಕ್ಕರೆಯೊಂದು ಬಗ್ಗಡದ ನೀರಲ್ಲಿ ಕೊಕ್ಕನ್ನು ಅರ್ಧ ತೆರೆದು ಅದ್ದಿ, ಆ ಕಡೆ ಈ ಕಡೆ ಬೀಸುತ್ತ ನಡೆಯುತ್ತಿತ್ತು. ಕಾಲಲ್ಲಿ ಕೆಸರು ಕೆದಕಿತು. ಟಪಕ್ಕನೆ ಕೊಕ್ಕು ಮುಚ್ಚಿತು. ಮೀನು! ಅದು ಮೀನನ್ನು ನೋಡಿರಲಿಲ್ಲ, ಮುಟ್ಟಿತ್ತು ಅಷ್ಟೇ. ಇದರ ದಾಯಾದಿಯಾದ ಅಮೆರಿಕದ ಕೊಕ್ಕರೆಯ ಕಣ್ಣು ಮುಚ್ಚಿಸಿ 1960ರ ದಶಕದಲ್ಲಿ ವಿಜ್ಞಾನಿಗಳು ಪರೀಕ್ಷಿಸಿದ್ದರು. ಆಗಲೂ ಅದು ಮೀನು ಹಿಡಿಯಿತು! ಸ್ಪರ್ಶವಾದ ಮೇಲೆ ಕೊಕ್ಕು ಮುಚ್ಚಲು ಬೇಕಾದದ್ದು ಒಂದು ಸೆಕೆಂಡಿನ ನಲವತ್ತನೇ ಒಂದು ಪಾಲು. ನಾವು ರೆಪ್ಪೆ ಬಡಿಯುವಷ್ಟರೊಳಗೆ ಅದರ ಊಟ ಆಗಿರುತ್ತದೆ. ಇಡೀ ಹಕ್ಕಿಯ ಬದುಕು ಕೊಕ್ಕಿನ ನರಗಳ ಮೇಲೆ ನಿಂತಿದೆ!

'ದೊಡ್ಡಪ್ಪ, ನೋಡಿದ್ರಾ!' ಎಂದು ತಿರುಗಿದೆ. ಅವರ ಎಡಗಾಲು ಬರಿಗಾಲಾಗಿತ್ತು.

'ಚಪ್ಪಲಿ ಎಲ್ಲಿ?'

'ಅಯ್ಯೋ, ಕಾಲಲ್ಲೇ ಇತ್ತಲ್ಲಪ್ಪ!'

ಹತ್ತು ಹೆಜ್ಜೆ ಹಿಂದೆ ಚಪ್ಪಲಿ ಕೆಸರಲ್ಲಿ ಹೂತಿತ್ತು. ಕಳಚಿದ್ದು ಅವರಿಗೆ ತಿಳಿದೇ ಇರಲಿಲ್ಲ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಅವರದು. ಮೊದಮೊದಲು ಅಂಗಾಲು ಉರಿ, ಇರುವೆ ಹರಿದಂಥ ಜುಮುಜುಮು; ಈಗ ಉರಿ ಹೋಗಿದೆ, ವಾಸಿಯಾಯಿತು ಅಂದುಕೊಂಡಿದ್ದರು. ಹೋದದ್ದು ಉರಿಯೊಂದೇ ಅಲ್ಲ, ಸ್ಪರ್ಶವೂ!

ನಮ್ಮ ಮೈಯೊಳಗಿನ ಬೆರಗೂ ಕಡಿಮೆಯದಲ್ಲ. ಬೆನ್ನುಹುರಿಯ ಬಳಿಯ ಒಂದು ಕಣದಿಂದ ಹೊರಟ ನರದ ಎಳೆ ಕಾಲ್ಬೆರಳ ತುದಿವರೆಗೆ ಸುಮಾರು ಒಂದು ಮೀಟರ್ ಹರಿಯುತ್ತದೆ! ಸ್ಪರ್ಶದ ಸುದ್ದಿ ಅದರಲ್ಲಿ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ಆದರೆ ಕಡಿದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದೇ ಮಿಲಿಮೀಟರ್. ತುದಿಗೇ ಮೊದಲು ಪೆಟ್ಟು ಬೀಳುವುದು ಏಕೆಂದು ಮಂಡ್ಯದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೇ ಭಾಗದ ಗದ್ದೆ. ಸಕ್ಕರೆ ಏರಿ ನರವೂ ಅದಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳೂ ಕೆಟ್ಟಾಗ, ಮೊದಲು ಸೊರಗುವುದು ಎಲ್ಲಕ್ಕಿಂತ ಉದ್ದದ ಎಳೆಯ ತುದಿ, ಅಂದರೆ ಕಾಲ್ಬೆರಳು.

ಸ್ಪರ್ಶ ಹೋದದ್ದನ್ನು ಕಂಡುಹಿಡಿಯುವುದು ಎಷ್ಟು ಸುಲಭ ಗೊತ್ತೇ? ಒಂದು ನೈಲಾನ್ ಎಳೆ ಸಾಕು! ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆಯನ್ನು ವೈದ್ಯರು ಅಂಗಾಲಿಗೆ ಒತ್ತುತ್ತಾರೆ; ತಿಳಿಯದಿದ್ದರೆ ಕಾಲು ಅಪಾಯದಲ್ಲಿದೆ. ಕಾರಣ ಸಕ್ಕರೆಯೇ ಆಗಬೇಕೆಂದಿಲ್ಲ. ಬಿ12 ಕೊರತೆ, ಕುಡಿತ, ಕುಷ್ಠವೂ ನರ ಕೆಡಿಸುತ್ತವೆ. ಸ್ಪರ್ಶವಿಲ್ಲದ ಮಚ್ಚೆ ಕಂಡರೆ ತಡಮಾಡಬಾರದು. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ.

ಸತ್ತ ನರ ಮರಳುವುದು ಕಷ್ಟ, ಉಳಿದದ್ದನ್ನು ಕಾಯುವುದು ನಮ್ಮ ಕೈಲಿದೆ. ಸಕ್ಕರೆ ಹತೋಟಿಯಲ್ಲಿರಲಿ. ಗದ್ದೆಗೂ ಅಂಗಳಕ್ಕೂ ಬರಿಗಾಲು ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ. ಬಿಸಿನೀರನ್ನು ಕಾಲಿಂದ ಅಳೆಯಬೇಡಿ. ದಿನವೂ ಅಂಗಾಲಿಗೆ ಕನ್ನಡಿ ಹಿಡಿದು ನೋಡಿ; ಗಾಯವಿದ್ದರೆ, ನೋವಿಲ್ಲದಿದ್ದರೂ, ಅಂದೇ ತೋರಿಸಿ.

ಹೊಳೆಯ ದಡದಲ್ಲಿ ಕೂತು ದೊಡ್ಡಪ್ಪನ ಕಾಲು ತೊಳೆದೆ. ಹಿಮ್ಮಡಿಯಲ್ಲಿ ಒಂದು ಜಾಲಿ ಮುಳ್ಳು. ಎಂದು ಚುಚ್ಚಿತ್ತೋ, ಅವರು ಅರಿಯರು. ಅದೇ ಗಳಿಗೆ ನೀರಲ್ಲಿ ಮತ್ತೆ ಟಪಕ್ಕೆಂದಿತು, ಕೊಕ್ಕು.